ಕೋಲಾರ ಸೀಮೆಯ ಕೂಲಿ ಕುಟುಂಬಗಳಲ್ಲಿ ತಾಯಿ–ಮಗುವಿನ ಕೊಡುಕೊಳೆ

ಮಗು ಸೊರಗಿದರೆ ಊರು ಮೊದಲು ದೂರುವುದು ತಾಯಿಯನ್ನು. ಆದರೆ ಮಗುವೂ ತಾಯಿಯ ನಡವಳಿಕೆಯನ್ನು ರೂಪಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಬೆಲ್ 1968ರಲ್ಲೇ ವಾದಿಸಿದ್ದರು. ಹುಟ್ಟುವಾಗಿನ ತೊಂದರೆಯೊಂದೇ ಮಗುವಿನ ಭವಿಷ್ಯ ನಿರ್ಧರಿಸುವುದಿಲ್ಲ, ಅದು ಬೆಳೆಯುವ ಮನೆಯ ಸ್ಥಿತಿಯೂ ಅಷ್ಟೇ ಮುಖ್ಯ ಎಂದು ಮನಶ್ಶಾಸ್ತ್ರಜ್ಞರಾದ ಸ್ಯಾಮರಾಫ್ ಮತ್ತು ಚಾಂಡ್ಲರ್ 1975ರಲ್ಲಿ ತೋರಿಸಿದರು.

ಮಗುವಿನ ಈ ಪಾತ್ರ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಅವರ ಪ್ರಯೋಗದಲ್ಲಿ ಕಾಣುತ್ತದೆ: ಕೂಸನ್ನು ಆಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖಭಾವವಿಲ್ಲದೆ ಕೂರುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಅವಳನ್ನು ಮತ್ತೆ ಆಟಕ್ಕೆಳೆಯಲು ಹೆಣಗುತ್ತದೆ. ಸೋತಾಗ ಮುಖ ತಿರುಗಿಸುತ್ತದೆ.

ತಾಯಿ ಖಿನ್ನತೆಗೊಳಗಾದ ಮನೆಯಲ್ಲಿ ಇದು ಕ್ಷಣದ ಪ್ರಯೋಗವಲ್ಲ, ದಿನನಿತ್ಯದ ಪಾಡು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿದ ಅಧ್ಯಯನದ ಪ್ರಕಾರ, ಬಾಣಂತನದಲ್ಲಿ ಖಿನ್ನತೆಗೊಳಗಾದ ತಾಯಂದಿರ ಶಿಶುಗಳಲ್ಲಿ ಆರು ತಿಂಗಳಿಗೆ ತೂಕ ಕಡಿಮೆಯಿರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಬಡತನ, ಗಂಡನ ಹೊಡೆತದ ಜೊತೆಗೆ ಹೆಣ್ಣುಮಗು ಹುಟ್ಟಿದ್ದೂ ಆ ಖಿನ್ನತೆಗೆ ಕಾರಣವಾಗಿತ್ತು.

ಕೋಲಾರ ಜಿಲ್ಲೆಯಲ್ಲಿ ಈ ಒತ್ತಡಗಳಿಗೆ ನೆಲದ ಕಷ್ಟವೂ ಸೇರುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲ. ಸಾವಿರ ಅಡಿಗೂ ಮೀರಿ ಕೊರೆದ ಬೋರ್‌ವೆಲ್‌ಗಳು ಹಲವೆಡೆ ಫ್ಲೋರೈಡ್ ನೀರನ್ನೂ ಸಾಲವನ್ನೂ ತಂದಿವೆ. ಮಾಲೂರಿನ ಇಟ್ಟಿಗೆ ಗೂಡು, ಶ್ರೀನಿವಾಸಪುರದ ಮಾವಿನ ತೋಪು, ಕೋಲಾರದ ಟೊಮೆಟೊ ತೋಟಗಳ ಕೂಲಿಗೆ ಹೋಗುವ ತಾಯಿಗೆ ಕೂಸಿನ ಜೊತೆ ಕೂತು ಆಡುವ ಹೊತ್ತೇ ಸಿಗುವುದು ಕಷ್ಟ.

ಮಗು ತಾಯಿಗೆ ಆಸರೆಯಾಗುವುದೂ ಇಲ್ಲೇ ಕಾಣುತ್ತದೆ. ಆಂಧ್ರದ ಗಡಿಗಂಟಿದ ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯ ಓದು ಕನ್ನಡ. ಓದು ಬಾರದ ತಾಯಿಗೆ ಕನ್ನಡದ ನೋಟಿಸು, ಔಷಧಿ ಚೀಟಿ ಓದಿ ಹೇಳುವುದು ಶಾಲೆಗೆ ಹೋಗುವ ಮಗುವೇ. ಇದು ತಾಯಿಗೆ ಧೈರ್ಯ. ಆದರೆ ಸಾಲದ ನೋಟಿಸನ್ನೂ ಅದೇ ಮಗು ಓದಬೇಕಾದಾಗ ಮನೆಯ ಆತಂಕ ಎಳೆಯ ತಲೆಗೇರುತ್ತದೆ.

ಚಿಕಿತ್ಸೆಯ ಮಾತಿಗೆ ಬಂದರೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2009ರಲ್ಲಿ ಆರಂಭಿಸಿದ ತಾಯಿ–ಶಿಶು ಘಟಕದಲ್ಲಿ ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುತ್ತಾರೆ. ಅದು ಕೋಲಾರದಿಂದ ಸುಮಾರು 70 ಕಿ.ಮೀ. ದೂರ. ಹತ್ತಿರವಿರುವುದು ಊರಿನ ಅಂಗನವಾಡಿ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಗರ್ಭಿಣಿ–ಬಾಣಂತಿಯರನ್ನು ಅಲ್ಲಿಗೇ ಮಧ್ಯಾಹ್ನದ ಊಟಕ್ಕೆ ಕರೆಯಿತು.

ಅಲ್ಲಿ ಮಗುವಿನ ತೂಕ ಇಳಿದದ್ದು ಕಂಡ ದಿನವೇ ಕಾರ್ಯಕರ್ತೆ ತಾಯಿಗೆ ಎರಡು ಪ್ರಶ್ನೆ ಕೇಳಬೇಕು: ಈ ಹದಿನೈದು ದಿನದಲ್ಲಿ ಮನಸ್ಸು ಕುಗ್ಗಿತ್ತೇ? ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿತೇ? ಹೌದೆಂದ ತಾಯಿಯನ್ನು ತಾಲ್ಲೂಕು ಆಸ್ಪತ್ರೆಗೆ ತಲುಪಿಸುವ ಹೊಣೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಆರೋಗ್ಯ ಇಲಾಖೆಯೂ ಒಟ್ಟಾಗಿ ಹೊರಬೇಕು.