ಅಶ್ವದ ದಣಿವು: ಅರಿಯುವವರಾರು, ತಡೆಯುವವರಾರು?

ಅಭಿನವಚಂದ್ರನ ಅಶ್ವಶಾಸ್ತ್ರ, 1627ರಲ್ಲಿ ಮೈಸೂರಿನಲ್ಲಿ ರಚಿತವಾದ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಮೊದಲಾದ ಕೃತಿಗಳನ್ನು ನಾವು ಬಹುಮಟ್ಟಿಗೆ ಶಬ್ದಸಂಪತ್ತಿಗಾಗಿಯೇ ಓದುತ್ತ ಬಂದಿದ್ದೇವೆ. ಕಲ್ಯಾಣದ ಮೂರನೆಯ ಸೋಮೇಶ್ವರನ (1126-1138) ‘ಮಾನಸೋಲ್ಲಾಸ’ವು ಅಶ್ವಾರೋಹಿಗಳ ಚೆಂಡಾಟವನ್ನು ಅರಸನ ವಿನೋದವಾಗಿ ವರ್ಣಿಸುತ್ತದೆ. ಇಂತಹ ಕ್ರೀಡೆಯಲ್ಲಿ ಕುದುರೆಯ ದಣಿವನ್ನು ಅರಿಯುವವರಾರು, ಅರಿತ ಮೇಲೆ ತಡೆಯುವ ಅಧಿಕಾರವಾರದು ಎಂಬ ಪ್ರಶ್ನೆಯನ್ನು ಪ್ರಸ್ತುತ ಟಿಪ್ಪಣಿಯಲ್ಲಿ ಎತ್ತಲಾಗಿದೆ.

ಈ ಪ್ರಶ್ನೆಯ ತೀವ್ರತೆಯನ್ನು ಯುರೋಪಿನ ಒಂದು ಪ್ರಸಂಗ ತೋರಿಸುತ್ತದೆ. 1892ರಲ್ಲಿ ಜರ್ಮನ್ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ಬರ್ಲಿನ್-ವಿಯೆನ್ನಾ ನಡುವಣ 550 ಕಿ.ಮೀ.ಗೂ ಮಿಕ್ಕ ದೂರವನ್ನು ಪಂತಕಟ್ಟಿ ಕ್ರಮಿಸಿದರು. ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿ ಗೆದ್ದ ಸ್ಟಾರ್‌ಹೆಂಬರ್ಗ್‌ನ ಕುದುರೆ ಬಳಿಕ ಅಸುನೀಗಿತು. ಇನ್ನೂ ಹಲವು ಕುದುರೆಗಳು ಸತ್ತವು. ಸವಾರರು ಅಶ್ವವಿದ್ಯೆ ಅರಿಯದವರಲ್ಲ, ಅದರಲ್ಲಿಯೇ ಪಳಗಿದವರು. ಕೊರತೆಯಿದ್ದುದು ತಿಳಿವಳಿಕೆಯಲ್ಲಲ್ಲ, ವ್ಯವಸ್ಥೆಯಲ್ಲಿ.

1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ 100 ಮೈಲಿಗಳ ಟೆವಿಸ್ ಸ್ಪರ್ಧೆಯ ಪರಂಪರೆಯಲ್ಲಿ ಈ ಅಧಿಕಾರ ಕ್ರಮೇಣ ಪಶುವೈದ್ಯರ ಕೈಸೇರಿತು. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44ರಷ್ಟಿರುವ ಹೃದಯಬಡಿತವು ಓಟದ ನಂತರ ನಿಗದಿತ ಅವಧಿಯೊಳಗೆ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಇಳಿಯದಿದ್ದರೆ ಕುದುರೆ ಮುಂದೆ ಸಾಗುವಂತಿಲ್ಲ. ಚಿವುಟಿದ ಚರ್ಮ ಮಡಿಕೆಯಾಗಿಯೇ ನಿಲ್ಲುವುದು, ಒತ್ತಿದ ಒಸಡಿಗೆ ಎರಡು ಸೆಕೆಂಡು ಕಳೆದರೂ ಬಣ್ಣ ಮರಳದಿರುವುದು, ಕರುಳಿನ ಸದ್ದು ಅಡಗುವುದು, ಹೆಜ್ಜೆಯ ಲಯ ತಪ್ಪಿ ಎಡವುವುದು, ಮೇವಿಗೆ ಬಾಯಿಯಿಡದಿರುವುದು, ಇವೆಲ್ಲವೂ ಬಳಲಿಕೆಯ ಲಕ್ಷಣಗಳು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಕುದುರೆಯ ಬೆವರಿನಲ್ಲಿ ಲವಣಾಂಶ ಬಹಳ ಹೆಚ್ಚು. ನೀರಿನೊಡನೆ ಲವಣವೂ ಹೊರಹೋಗುವುದರಿಂದ ರಕ್ತವು ಬಾಯಾರಿಕೆಯ ಸೂಚನೆಯನ್ನು ನೀಡದೆ ಹೋಗಬಹುದು. ಒಣಗಿದ ಕುದುರೆ ನೀರನ್ನೇ ಒಲ್ಲೆನೆನ್ನುವುದು ಈ ಕಾರಣದಿಂದ. ಅದು ಕುಡಿಯಲಿಲ್ಲವೆಂದರೆ ದಣಿದಿಲ್ಲವೆಂದರ್ಥವಲ್ಲ. ಹುರುಪಿನ ಕುದುರೆಯಂತೂ ಕುಸಿಯುವವರೆಗೂ ಓಡೀತು. ಆದ್ದರಿಂದಲೇ ಗೆಲ್ಲಬಯಸುವ ಸವಾರನ ಅಂದಾಜೊಂದೇ ಪ್ರಮಾಣವಾಗಲಾರದು.

ನಮ್ಮ ಅಶ್ವಶಾಸ್ತ್ರಗಳನ್ನು ಸಂಪಾದಿಸುವವರು ಪಶುವೈದ್ಯರನ್ನು ಜೊತೆಗಿರಿಸಿಕೊಂಡು ಓದುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಅಲ್ಲಿಯ ಲಕ್ಷಣಗಳಲ್ಲಿ ಯಾವುವು ಅರಸನ ಪ್ರಯೋಜನಕ್ಕಾಗಿ, ಯಾವುವು ಪ್ರಾಣಿಯ ಹಿತಕ್ಕಾಗಿ ಎಂದು ವಿಂಗಡಿಸಿ ನೋಡಿದಾಗ ಆ ಗ್ರಂಥಗಳು ಪದಕೋಶದ ಆಚೆಗೂ ಮಾತನಾಡಿಯಾವು.