ಕೈಗೆ ನೆನಪಿತ್ತು, ಅವನಿಗಿರಲಿಲ್ಲ

ಸೈಕಲ್ ಕಲಿತ ದಿನ ನನಗೆ ನೆನಪಿಲ್ಲ, ಸೈಕಲ್ ಹೊಡೆಯೋದು ಮಾತ್ರ ಮರೆತಿಲ್ಲ. ಇವೆರಡೂ ಬೇರೆ ಬೇರೆ ನೆನಪುಗಳು ಅಂತ ವಿಜ್ಞಾನಿಗಳಿಗೆ ತೋರಿಸಿಕೊಟ್ಟವನು ಅಮೆರಿಕದ ಹೆನ್ರಿ ಮೊಲೈಸನ್. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ಮೂರ್ಛೆರೋಗ ತಡೆಯಲೆಂದು ಡಾ. ಸ್ಕೋವಿಲ್ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ಸಿನ ಭಾಗ ತೆಗೆದರು. ಮೂರ್ಛೆ ತಗ್ಗಿತು. ಆದರೆ ಆಮೇಲೆ ನಡೆದದ್ದು ಯಾವುದೂ ಅವನ ನೆನಪಲ್ಲಿ ನಿಲ್ಲಲಿಲ್ಲ.

ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ಮೂರು ದಿನದಲ್ಲಿ ಕೈ ಪಳಗಿತು. ಹಿಂದಿನ ದಿನ ತಿದ್ದಿದ್ದು ಮಾತ್ರ ಅವನಿಗೆ ಗೊತ್ತೇ ಇರಲಿಲ್ಲ!

2008ರಲ್ಲಿ ತೀರಿಕೊಳ್ಳುವವರೆಗೂ ಲೋಕಕ್ಕೆ ಆತ ಬರೀ 'ಎಚ್.ಎಂ.'. ಐದು ದಶಕ ಪರೀಕ್ಷೆಗಳಿಗೆ ಕೂತ. ಹೂಂ ಅಂದದ್ದನ್ನೇ ಮರೆಯುವವನ ಒಪ್ಪಿಗೆ ಒಪ್ಪಿಗೆಯೇ? ನನಗಂತೂ ಕಸಿವಿಸಿ. ನೀವೇನಂತೀರಿ?