ದಾಮದುಪ್ಪಟ್ಟು ಮತ್ತು ಕನಿಷ್ಠ ಪಾವತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. ಸಾಲದ ವ್ಯವಹಾರದಲ್ಲಿ ಅವು ಹಂಚಿಕೊಂಡ ಹಳೆಯ ಮಾತೊಂದಿದೆ: ದಾಮದುಪ್ಪಟ್ಟು. ನೂರು ರೂಪಾಯಿ ಸಾಲ ಕೊಟ್ಟವನು ಬಾಕಿಯೆಂದು ಒಮ್ಮೆಗೆ ಇನ್ನೂರಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಡ್ಡಿ ಅಸಲನ್ನು ಮೀರುವಂತಿಲ್ಲ ಎಂಬುದು ಅದರ ತಿರುಳು.

ಇದು ಊರ ಪಂಚರ ಔದಾರ್ಯವಾಗಿರಲಿಲ್ಲ, ಧರ್ಮಶಾಸ್ತ್ರದ ಕಟ್ಟಳೆ. ಮನುಸ್ಮೃತಿಯಲ್ಲೂ ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಇದು ಬರುತ್ತದೆ. ಯಾಜ್ಞವಲ್ಕ್ಯನ ಪ್ರಕಾರ ಹಣದ ಸಾಲ ಬೆಳೆಯಬಹುದಾದದ್ದು ಎರಡು ಪಟ್ಟು, ಧಾನ್ಯದ್ದು ಮೂರು ಪಟ್ಟು, ಬಟ್ಟೆಯದ್ದು ನಾಲ್ಕು ಪಟ್ಟು. ತುಪ್ಪ, ಎಣ್ಣೆಯಂಥ ದ್ರವಗಳದ್ದು ಎಂಟು ಪಟ್ಟು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಹೀಗಾಗಿ ಈ ಕಟ್ಟಳೆಯ ಬಹುಮುಖ್ಯ ವ್ಯಾಖ್ಯಾನ ಹುಟ್ಟಿದ್ದು ಕರ್ನಾಟಕದಲ್ಲೇ.

ಆದರೆ ಕಟ್ಟಳೆಗೆ ಎರಡು ಬಾಗಿಲುಗಳಿದ್ದುದನ್ನೂ ವ್ಯಾಖ್ಯಾನಕಾರರು ಬಲ್ಲವರಾಗಿದ್ದರು. ಹಳೆಯ ಸಾಲವನ್ನು ಹೊಸ ಕರಾರಾಗಿ ಬರೆದುಕೊಂಡರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಬಡ್ಡಿಯನ್ನು ಕೂಡಿಹಾಕದೆ ತಿಂಗಳಿಗೋ ವರ್ಷಕ್ಕೋ ವಸೂಲು ಮಾಡುತ್ತ ಹೋದರಂತೂ ಒಟ್ಟು ಸಂದಾಯ ಎರಡು ಪಟ್ಟನ್ನು ಮೀರಿದರೂ ತಡೆಯಿಲ್ಲ. ಏಕೆಂದರೆ ತಡೆ ಇರುವುದು ಒಮ್ಮೆಗೆ ಕೇಳುವ ಬಾಕಿಗೆ ಮಾತ್ರ. ಮುಂದಿನ ಸಾಲದ ಇತಿಹಾಸದ ಬಹುಭಾಗ ಈ ಎರಡು ಬಾಗಿಲುಗಳಲ್ಲೇ ಓಡಾಡಿತು ಎನ್ನಬಹುದು.

ಬ್ರಿಟಿಷರ ಕಾಲದಲ್ಲಿ ಅಥಣಿಯೂ ನಿಪ್ಪಾಣಿಯನ್ನೊಳಗೊಂಡ ಚಿಕ್ಕೋಡಿ ತಾಲ್ಲೂಕೂ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಹಿಂದೂ ಸಾಲಗಾರರಿಗೆ ದಾಮದುಪ್ಪಟ್ಟನ್ನು ಅನ್ವಯಿಸುತ್ತಿದ್ದವು; ಮದ್ರಾಸ್ ಪ್ರಾಂತ ಅದನ್ನು ಒಪ್ಪಲಿಲ್ಲ. ಅಂದರೆ ಚಿಕ್ಕೋಡಿಯ ರೈತನಿಗಿದ್ದ ರಕ್ಷಣೆ ಬಳ್ಳಾರಿಯ ರೈತನಿಗಿರಲಿಲ್ಲ.

ಇದ್ದ ರಕ್ಷಣೆಯೂ ಎಷ್ಟರದು? 1859ರ ಕಾಲಮಿತಿ ಕಾಯಿದೆ ಸಾಲಪತ್ರಗಳ ಆಯುಷ್ಯವನ್ನು ಮೂರು ವರ್ಷಕ್ಕೆ ಇಳಿಸಿತು. ಹಳೆಯ ಪತ್ರ ಹಿಡಿದು ಸಾಹುಕಾರ ರೈತನನ್ನು ಕಾಡದಿರಲಿ ಎಂಬುದು ಉದ್ದೇಶ. ಆದದ್ದು ತಿರುಗುಮುರುಗು. ಮೂರು ವರ್ಷ ತುಂಬುವ ಮೊದಲೇ ಸಾಹುಕಾರ ಹೊಸ ಪತ್ರ ಬರೆಸಿಕೊಂಡು, ಬೆಳೆದ ಬಡ್ಡಿಯನ್ನು ಅಸಲಿಗೆ ಸೇರಿಸತೊಡಗಿದ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯೆಂದರೆ ಮೂರು ವರ್ಷಕ್ಕೆ 72 ರೂಪಾಯಿ. ಹೊಸ ಪತ್ರ 172ಕ್ಕೆ. ಇನ್ನೂ ಮೂರು ವರ್ಷ ಕಳೆದರೆ ಸುಮಾರು 296. ಎರಡು ಪತ್ರಗಳಲ್ಲಿ ಯಾವುದರಲ್ಲೂ ಬಡ್ಡಿ ಅಸಲನ್ನು ಮೀರಿಲ್ಲ, ದಾಮದುಪ್ಪಟ್ಟು ಎಲ್ಲೂ ಮುರಿದಿಲ್ಲ. ಸಾಲ ಮಾತ್ರ ಆರು ವರ್ಷದಲ್ಲಿ ಹತ್ತಿರಹತ್ತಿರ ಮೂರು ಪಟ್ಟಾಗಿದೆ!

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾದಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದಾಗ ಅವರು ಹುಡುಕಿದ್ದು ಪತ್ರಗಳನ್ನು, ಸುಟ್ಟದ್ದೂ ಪತ್ರಗಳನ್ನು. ದಖನ್ ದಂಗೆಯೆಂದು ಹೆಸರಾದ ಈ ಗಲಭೆಯ ಫಲವೇ 1879ರ ದಖನ್ ಕೃಷಿಕರ ಪರಿಹಾರ ಕಾಯಿದೆ. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಜಾರಿಯಾದ ಅದು ಮುಂದೆ ಪ್ರಾಂತದ ಉಳಿದೆಡೆಗೂ ಬಂತು. ನ್ಯಾಯಾಧೀಶ ಪತ್ರದ ಮೇಲಿನ ಅಂಕಿಯನ್ನು ನಂಬದೆ ವ್ಯವಹಾರವನ್ನು ಮೊದಲಿನಿಂದ ಕೆದಕಿ ನೋಡಬೇಕು, ಬಡ್ಡಿಯನ್ನು ಅಸಲಾಗಿಸಿದ್ದರೆ ಬೇರ್ಪಡಿಸಬೇಕು, ಕೊಟ್ಟ ಹಣಕ್ಕೆ ರಸೀದಿ ಸಿಗಬೇಕು ಎಂದಿತು. ಮೊದಲ ಬಾಗಿಲು ಹೀಗೆ ಅರ್ಧ ಮುಚ್ಚಿತು.

ಎರಡನೆಯ ಬಾಗಿಲು ತೆರೆದೇ ಇತ್ತು. ಇಂದು ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂಬ ಸಾಲು ನಿಂತಿರುವುದು ಅಲ್ಲಿಯೇ.

ಭಾರತದಲ್ಲಿ ಬ್ಯಾಂಕಿನ ಕ್ರೆಡಿಟ್ ಕಾರ್ಡು 1980ರಲ್ಲಿ ಸೆಂಟ್ರಲ್ ಬ್ಯಾಂಕಿನಿಂದ ಆರಂಭವಾಯಿತು. ಕನಿಷ್ಠ ಪಾವತಿ ಸಾಮಾನ್ಯವಾಗಿ ಬಾಕಿಯ ನೂರಕ್ಕೆ 5ರಷ್ಟು. ಅದನ್ನು ಕಟ್ಟಿದವನಿಗೆ ತಡಪಾವತಿಯ ದಂಡವಿಲ್ಲ, ಹೆಸರೂ ಕೆಡದು. ಆದರೆ ಉಳಿದದ್ದಕ್ಕೆ ಬಡ್ಡಿಯಿದೆ. 20,000 ರೂಪಾಯಿ ಬಾಕಿ, ತಿಂಗಳ ಬಡ್ಡಿ ನೂರಕ್ಕೆ ಮೂರೂವರೆ ಎಂದುಕೊಳ್ಳಿ. ಬಡ್ಡಿ 700, ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 126. ಕನಿಷ್ಠ ಪಾವತಿಯೆಂದು ಕಟ್ಟುವ 1,041ರಲ್ಲಿ 826 ಇವಕ್ಕೇ ಹೋಗಿ, ಅಸಲು ಕರಗುವುದು ಬರೀ 215! ಹೊಸದಾಗಿ ಏನನ್ನೂ ಕೊಳ್ಳದೆ ಹೀಗೆಯೇ 28 ತಿಂಗಳು ಕಟ್ಟಿದರೆ ಬಡ್ಡಿ, ತೆರಿಗೆಗಳೇ 20,000 ದಾಟುತ್ತವೆ. ಆಗಲೂ 14,700ಕ್ಕಿಂತ ಹೆಚ್ಚು ಬಾಕಿ ಇರುತ್ತದೆ.

ಇಲ್ಲಿ ದಾಮದುಪ್ಪಟ್ಟಿನ ಮಾತೆತ್ತಿದರೆ ಪ್ರಯೋಜನವಿಲ್ಲ. ಬಡ್ಡಿ ತಿಂಗಳು ತಿಂಗಳು ಸಂದಾಯವಾಗಿಬಿಟ್ಟಿದೆ; ಕೂಡಿಬಿದ್ದ ಬಡ್ಡಿಯೇ ಇಲ್ಲ. ಸಾಲದ್ದಕ್ಕೆ, 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ ಸೇರಿದ ಕಲಮಿನಂತೆ, ಬಡ್ಡಿ ವಿಪರೀತ ಎಂಬ ಕಾರಣಕ್ಕೆ ನ್ಯಾಯಾಲಯ ಬ್ಯಾಂಕಿನ ಲೆಕ್ಕವನ್ನು ಮತ್ತೆ ತೆರೆಯುವಂತಿಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು.

ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು 1879ರ ಕಾಯಿದೆಯನ್ನು ಒಂದಿಷ್ಟು ನೆನಪಿಸುತ್ತವೆ. ಪಾವತಿಯಾಗದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಬಡ್ಡಿ ಹಾಕಬಾರದು. ಕನಿಷ್ಠ ಮೊತ್ತ ಕಟ್ಟುತ್ತಿದ್ದರೂ ಸಾಲ ಬೆಳೆಯುವಂತಿರಬಾರದು. ಕನಿಷ್ಠವನ್ನಷ್ಟೇ ಕಟ್ಟುತ್ತಿದ್ದರೆ ತೀರುವಳಿ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆಂಬ ಎಚ್ಚರಿಕೆ ಬಿಲ್ಲಿನ ಮೇಲಿರಬೇಕು. ಸಾಲ ಬೆಳೆಯಬಾರದು ಎಂದಿದೆಯೇ ಹೊರತು, ಬೇಗ ತೀರಬೇಕೆಂದಿಲ್ಲ.

ಬಿಲ್ಲಿನಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯೂ ಉಂಟು. ಹಳೆಯ ಬಾಕಿ ಉಳಿದಿರುವಷ್ಟು ಕಾಲ ಬಡ್ಡಿರಹಿತ ಅವಧಿ ರದ್ದಾಗುತ್ತದೆ. ಅಂಗಡಿಯಲ್ಲಿ ಇವತ್ತು ಕೊಂಡ ಸಾಮಾನಿಗೂ ಇವತ್ತಿನಿಂದಲೇ ಬಡ್ಡಿ. ತಂಬಾಕು ಮಾರಿದಾಗಲೋ ಕಬ್ಬಿನ ಬಿಲ್ಲು ಬಂದಾಗಲೋ ಒಟ್ಟಿಗೆ ಹಣ ಕಾಣುವ ಮನೆಗಳಲ್ಲಿ, ಅಲ್ಲಿಯವರೆಗೆ ಕನಿಷ್ಠ ಕಟ್ಟಿ ದಿನ ದೂಡುವ ಮನಸ್ಸು ಬರುವುದು ಸಹಜವೇ. ಮೇಲಿನ ಅದೇ 20,000ಕ್ಕೆ ಹೊಸ ಖರೀದಿ ನಿಲ್ಲಿಸಿ, ತಿಂಗಳಿಗೆ 2,000ದಂತೆ ಕಟ್ಟಿದರೆ 14ನೆಯ ತಿಂಗಳಿಗೆ ಸಾಲ ಮುಗಿಯುತ್ತದೆ. ಬಡ್ಡಿ, ತೆರಿಗೆಗಳಿಗೆ ಹೋಗುವುದು ಸುಮಾರು 6,300.